ಎರಡನೆಯ ಒತ್ತಾಯ

ಊಟವಾದ ಮೇಲೆ ಎಲೆಯಡಿಕೆಯ ಬದಲು ಕೊಕೇನಿನ ತಟ್ಟೆ ತಿರುಗಿಸುವುದು ಎಲ್ಲ ಮನೆಗಳ ಮರ್ಯಾದೆಯಾಗಿ ಬಹಳ ಕಾಲವಾಗಿತ್ತು. ಆ ಮರ್ಯಾದೆಗೆ ಮನೆಮಠ ಕಳೆದುಕೊಂಡ ಶಿವಪುತ್ರನನ್ನು ಡಾಕ್ಟರು ಆಸ್ಪತ್ರೆಯಲ್ಲಿಟ್ಟುಕೊಂಡು, ಖಿನ್ನತೆಗೆ ಕೊಡುವ ಮಾತ್ರೆಯಿಂದ ಈ ಚಟ ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು. ಇಂದು ಪಾಸಾದರೆ ಬಿಡುಗಡೆ ಎಂದಿದ್ದಕ್ಕೆ ಹೆಂಡತಿ ಈರವ್ವ ಅವನ ಒಗೆದ ಅಂಗಿ ತಂದಿದ್ದಳು.

ಡಾಕ್ಟರು ತಟ್ಟೆಯನ್ನು ಅವನ ಮುಂದೆ ಹಿಡಿದರು. "ಬೇಕೇನ್ರಿ?"

"ಛೇ, ಬ್ಯಾಡ್ರಿ," ಎಂದ ಶಿವಪುತ್ರ.

"ನೋಡಿದ್ರಾ ಅಮ್ಮಾ? ಇಡೀ ವಾರ್ಡೇ ಬೇಡ ಅಂತಿದೆ. ಮಾತ್ರೆ ಗೆದ್ದಿತು!"

ಈರವ್ವನ ಮೈ ಉರಿಯಿತು. ಇಷ್ಟು ಓದಿದವನು ಒಬ್ಬರ ಮನೆಯಲ್ಲೂ ಉಂಡಿಲ್ಲವೇ?

"ಮೊದಲ್ನೇ ಸಲಕ್ಕ ಬೇಕು ಅನ್ನಾಕ ಅವನೇನು ನಾಚಿಗೆಗೆಟ್ಟಾನೇನ್ರಿ? ಬೀಗರಿಗೆ ಮಾಡ್ದಂಗ ಒಂದು ಸಲ ಒತ್ತಾಯ ಮಾಡ್ರಿ."

ಡಾಕ್ಟರು ನಕ್ಕು, "ಇರ್ಲಿ, ಸ್ವಲ್ಪ ತಗೊಳ್ರಿ" ಎಂದರು.

ಈ ಸಲವೂ ಬೇಡ ಎನ್ನಲಿ ಎಂದು ಈರವ್ವ ಅಂಗಿಯನ್ನು ಚೀಲದಿಂದ ತೆಗೆದು ಹಿಡಿದಳು.

ಶಿವಪುತ್ರ ತಲೆ ತಗ್ಗಿಸಿ ಅಂಗೈ ಚಾಚಿದ. "ಇಷ್ಟು ಹೇಳಾಕತ್ತೀರಿ, ನಿಮ್ಮ ಮನಸ್ಸು ಮುರೀಬಾರದು."

"ಥೂ, ನಿನ್ನ ಮರ್ಯಾದಿಗೆ ಬೆಂಕಿ ಹಾಕ!" ಎಂದು ಈರವ್ವ ಅಂಗಿಯನ್ನು ಮತ್ತೆ ಚೀಲಕ್ಕೆ ತುರುಕಿದಳು.