ಏಳು ಮನೆ

ಹುಣಸೆಹಣ್ಣು ಹಚ್ಚಿ ಉಜ್ಜಿದರೂ ನಡುಬೆರಳಿನ ಶಾಯಿ ಕಲೆ ಹೋಗಿರಲಿಲ್ಲ. ಗಂಡು ಹೇಗಿರುತ್ತಾನೋ ಎಂದು ಅಂಜಬೇಕಾದ ಹೊತ್ತಿನಲ್ಲಿ ಬೆರಳಿಗೆ ಅಂಜುತ್ತಿದ್ದೇನಲ್ಲ ಎಂದು ವರಲಕ್ಷ್ಮಿಗೆ ತನ್ನ ಮೇಲೆಯೇ ನಗು ಬಂತು. ನಗು ಹೊರಗೆ ಬರಲಿಲ್ಲ. ಅವಳದು ಯಾವುದೂ ಹೊರಗೆ ಬರುತ್ತಿರಲಿಲ್ಲ.

ಅವಳು ಬಿ.ಎ. ಪಾಸಾದದ್ದು ದೇವನಹಳ್ಳಿಯಲ್ಲಿ ಬೀದಿನಾಯಿಗೂ ಗೊತ್ತು. ಬಿ.ಎ. ಹುಡುಗಿಯನ್ನು ಕಟ್ಟಿಕೊಳ್ಳುವ ಎದೆ ಮಾತ್ರ ಸುತ್ತಲಿನ ಯಾವ ಗಂಡಿಗೂ ಇರಲಿಲ್ಲ. ಅದಕ್ಕೇ ತಾಯಿ ಅಶ್ವತ್ಥಮ್ಮ ಮಗಳನ್ನು ಇದ್ದಿಲ ಹೊಗೆಯ ಬಸ್ಸಿಗೆ ಹತ್ತಿಸಿ, ಗುರುತು ಪರಿಚಯವಿಲ್ಲದ ಊರುಗಳಲ್ಲಿ, ನೆಂಟರ ಮನೆಗಳಲ್ಲಿ ಕೂರಿಸಿ ತೋರಿಸುತ್ತಿದ್ದಳು. ನಂದಗುಡಿ ಆಯಿತು, ಹೊಸಕೋಟೆ ಆಯಿತು; ಇವತ್ತು ಮಧುರೆ ಹಳ್ಳಿಯ ಸೋದರಮಾವನ ಮನೆ.

"ನಾಲ್ಕನೇ ಕ್ಲಾಸು ಅಂತೀನಿ, ಬಾಯಿ ಮುಚ್ಕೊಂಡಿರು. ಒಪ್ಪಿಬಿಟ್ರೆ ಆ ಪುಸ್ತಕ ಗಿಸ್ತಕ ಎಲ್ಲ ನೀರೊಲೆಗೆ," ಎಂದಿದ್ದಳು ದಾರಿಯಲ್ಲಿ. ಒಪ್ಪಿಬಿಟ್ಟರೆ ವರಲಕ್ಷ್ಮಿ ಸಾಯುವ ತನಕ ನಾಲ್ಕನೇ ಕ್ಲಾಸಿನವಳೇ.

ಗಂಡಿನ ಅಕ್ಕ ಮುನಿವೆಂಕಟಮ್ಮ ಎಲೆಯಡಿಕೆ ಅಗಿಯುತ್ತ ಬಂದವಳೇ ಕೆಲಸಕ್ಕಿಳಿದಳು. ಜಡೆ ಸ್ವಂತದ್ದೋ ಚೌರಿಯೋ ಎಂದು ಎಳೆದು ನೋಡಿದಳು. ಕುಂಟಿಲ್ಲವಷ್ಟೇ ಎಂದು ನಡುಮನೆಯಲ್ಲಿ ನಡೆಸಿ ನೋಡಿದಳು.

"ಓದು?"

"ನಾಲ್ಕು," ಎಂದಳು ಅಶ್ವತ್ಥಮ್ಮ.

"ಜಾಸ್ತೀನೇ ಆಯ್ತು. ನಮ್ಮುಡುಗ ಎರಡಕ್ಕೇ ಬಿಟ್ಟವ್ನೆ." ಆಮೇಲೆ ಹುಡುಗಿಯ ಕೈ ಹಿಡಿದು ತಿರುವಿದಳು. "ಇದೇನಮ್ಮಿ, ಬೆರಳು ನೀಲಿಗೈತೆ?"

"ನೇರಳೆ ಹಣ್ಣು ಕಣಕ್ಕ," ಅದಕ್ಕೂ ಅಶ್ವತ್ಥಮ್ಮನೇ ಉತ್ತರ ಕೊಟ್ಟಳು.

"ಸಂಕ್ರಾಂತಿ ಚಳೀಲಿ ನೇರಳೆ ಹಣ್ಣಾ?"

"ಒಣಗಿಸಿ ಇಕ್ಕಿದ್ವಿ," ಎಂದಳು ಅಶ್ವತ್ಥಮ್ಮ, ರೆಪ್ಪೆ ಬಡಿಯದೆ.

ಅಷ್ಟರಲ್ಲಿ ಮೂಲೆಯ ಮಂಕರಿ ಬುಟ್ಟಿಯಿಂದ ಮಿಯಾಂ ಎಂಬ ಎಳೆ ಸದ್ದು. ಹಳೆ ಸೀರೆಯ ಚಿಂದಿಯೊಳಗೆ ಇನ್ನೂ ಕಣ್ಣು ಬಿಡದ ಮೂರು ಮರಿಗಳು. ನೋಡುವ ಚಾಳಿ ಹಿಡಿದ ಕೈ ಸುಮ್ಮನಿದ್ದೀತೆ? ಮುನಿವೆಂಕಟಮ್ಮ ಒಂದೊಂದನ್ನೇ ಹಿಂಗಾಲು ಹಿಡಿದೆತ್ತಿದಳು. "ಇದು ಹೆಣ್ಣು. ಇದೂ ಹೆಣ್ಣೇ. ಥೂ, ಇದೂನೂ!" ಎಂದು ಮಂಕರಿಗೆ ಉದುರಿಸಿದಳು.

ಕಣಜದ ಮೇಲಿಂದ ತಾಯಿಬೆಕ್ಕು ಎಲ್ಲವನ್ನೂ ನೋಡುತ್ತಿತ್ತು. ಮುನಿವೆಂಕಟಮ್ಮ ಅತ್ತ ಸರಿದದ್ದೇ ತಡ, ಇಳಿದು ಬಂದು ಒಂದು ಮರಿಯ ಕತ್ತಿನ ತೊಗಲು ಕಚ್ಚಿಕೊಂಡು ಹಿತ್ತಿಲ ಗೋಡೆ ಹಾರಿತು. ಮತ್ತೆ ಬಂತು. ಎರಡನೆಯದೂ ಹೋಯಿತು.

"ನೋಡಮ್ಮ, ಅದೂ ಒಂದು ತಾಯಿ!" ಮುನಿವೆಂಕಟಮ್ಮ ಮೂಗು ಮುರಿದಳು. "ಮರಿ ಕಣ್ಣು ಬಿಡೋಕೆ ಮುಂಚೆ ಕಂಡೋರ ಮನೆ ಏಳು ಸುತ್ತಿಸ್ತದೆ. ಮಾನಗೆಟ್ಟದ್ದು."

"ಹೂಂ ಕಣಕ್ಕ, ಕರುಳೇ ಇಲ್ಲ ಅದಕ್ಕೆ." ಮುನಿವೆಂಕಟಮ್ಮ ಹಾಲು ಕಪ್ಪು ಅಂದಿದ್ದರೂ ಅಶ್ವತ್ಥಮ್ಮ ಇವತ್ತು ಹೂಂ ಅನ್ನುವವಳೇ. ವರಲಕ್ಷ್ಮಿ ಅಮ್ಮನ ಮುಖ ನೋಡಿದಳು. ಕರುಳಿನ ಮಾತನ್ನು ಎಷ್ಟು ಸಲೀಸಾಗಿ ಆಡಿಬಿಟ್ಟಳು!

ಕೊನೆಯ ಮರಿಗಾಗಿ ಬೆಕ್ಕು ಹಿತ್ತಿಲ ಬಾಗಿಲಲ್ಲಿ ಕಾಣಿಸಿತು. "ಥತ್, ಒಳ್ಳೆ ಕೆಲಸದಾಗೆ ಅಡ್ಡ ಬರ್ತದಲ್ಲ ಅನಿಷ್ಟ!" ಎಂದು ಅಶ್ವತ್ಥಮ್ಮ ಪೊರಕೆ ಎತ್ತಿದಳು. ಬೆಕ್ಕು ಹೊಸಿಲಿನಲ್ಲೇ ನಿಂತಿತು. ಕಿವಿ ಮಡಿಸಿತು, ಹಿಂದೆ ಮಾತ್ರ ಸರಿಯಲಿಲ್ಲ.

ಏಳು ಎಂದು ಯಾರೂ ಹೇಳದಿದ್ದರೂ ವರಲಕ್ಷ್ಮಿ ಎದ್ದಳು. ಶಾಯಿ ಬೆರಳಿನ ಕೈಯಿಂದಲೇ ಅಮ್ಮನ ಪೊರಕೆಯನ್ನು ತಡೆದು ಹಿಡಿದಳು. ಬೆಕ್ಕು ಇಬ್ಬರ ಕಾಲುಗಳ ನಡುವೆ ನುಸುಳಿ ಮರಿ ಕಚ್ಚಿಕೊಂಡು ಹೋಯಿತು.

"ಯಾರ ಕಣ್ಣಿಗೂ ಬೀಳಬಾರದು ಅಂತ ಅದು ಏಳು ಮನೆ ಸುತ್ತಿಸ್ತದಮ್ಮ," ಎಂದಳು ವರಲಕ್ಷ್ಮಿ, ಗಟ್ಟಿಯಾಗಿ. "ಕಂಡೋರ ಕಣ್ಣಿಗೆಲ್ಲ ಬೀಳಲಿ ಅಂತ ಸುತ್ತಿಸ್ತಿರೋಳು ನೀನು."