ಉಗುರುಬೆಚ್ಚಗಿನ ನೀರು

ರೋಸೀನಾ ಬಾಯಿ ತೆರೆಯಲಿಲ್ಲ. ಎಡಗೈಯಲ್ಲಿ ಆಮೆಯ ತಲೆ, ಬಲಗೈಯಲ್ಲಿ ಸಿರಿಂಜು ಹಿಡಿದು ಬೊನಾರಿಯಾ ಅಂಜೂರದ ಮರದ ಕೆಳಗೆ ಕೂತು ಕಾಲು ಗಂಟೆಯಾಗಿತ್ತು. ಕೊನೆಗೂ ದವಡೆ ಸಡಿಲಿತು. ನಾಲಿಗೆಯ ಮೇಲಿನ ಹಳದಿ ಪೊರೆ ಹಾಗೆಯೇ ಇತ್ತು. ಅರೆದು ಕಲಸಿದ ವೈರಸ್ ಮದ್ದು ಅರ್ಧ ಒಳಗೆ ಹೋಯಿತು, ಅರ್ಧ ಅವಳ ಮೊಣಕೈವರೆಗೆ ಇಳಿಯಿತು.

ಮದ್ದು ಶುರು ಮಾಡಿ ಇವತ್ತಿಗೆ ಹದಿನೆಂಟು ದಿನ.

"ಹಿಂಸೆ ಮಾಡಿ ಸಾಯಿಸ್ತೀಯ ಅದನ್ನ," ಅಡುಗೆಮನೆಯ ಬಾಗಿಲಿನಿಂದ ಅತ್ತೆ ಎಫೀಸಿಯಾ ಎಂದರು. "ಆ ಎರಡೂ ನಿನ್ನ ಮದ್ದು ಕುಡಿದೇ ಹೋದವು."

"ಆ ಕುಂಟೀನ ಮನೆಗೆ ತಂದೋರು ಯಾರು, ಅತ್ತೆ?"

ಅಕ್ಟೋಬರಿನಲ್ಲಿ ಒರಿಸ್ತಾನೊ ರಸ್ತೆಯಲ್ಲಿ ಸಿಕ್ಕ ಕುಂಟು ಆಮೆಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದವರು ಅತ್ತೆಯೇ. ಚಳಿಗಾಲದ ನಿದ್ದೆ ಮುಗಿಸಿ ಎದ್ದವುಗಳಲ್ಲಿ ಎರಡು ಸತ್ತವು. ರೋಗ ಕುಂಟಿಯಿಂದಲೇ ಬಂತೆಂದು ಬೊನಾರಿಯಾ ಹಟ ಹಿಡಿದು ಅದನ್ನು ಪಶುವೈದ್ಯ ಮುರ್ರು ಅವರ ಹಿತ್ತಿಲಿಗೆ ಅಟ್ಟಿದ್ದಳು. ಅತ್ತೆಯ ಪಾಲಿಗೆ ಉಳಿದದ್ದು ರೋಸೀನಾ ಒಂದೇ. ಮಗ ಹುಟ್ಟಿದ ದಿನ ಮಾವ ಅವರ ಮಡಿಲಿಗೆ ಇಟ್ಟಿದ್ದ ಆಮೆ. ಮಾವ ಈಗಿಲ್ಲ.

ಬೊನಾರಿಯಾಳದೂ ಒಂದಿತ್ತು, ತುನಿಸೀನಾ. ಅಪ್ಪ ಹಡಗಿನ ಕೆಲಸದಲ್ಲಿದ್ದಾಗ ಸಮುದ್ರದಾಚೆಯ ತುನಿಸ್‌ನಿಂದ ತಂದದ್ದು. ಅಪ್ಪನ ಅಂಗಳದಲ್ಲಿ ನಲವತ್ತು ವರ್ಷ ಒಂಟಿಯಾಗಿ ಬದುಕಿ, ಅವರು ತೀರಿಕೊಂಡ ಮೇಲೆ, ಅದೇ ಅಕ್ಟೋಬರಿನಲ್ಲಿ, ಇಲ್ಲಿಗೆ ಬಂತು. ಒಂದು ದಿನವೂ ಊಟ ಬಿಟ್ಟದ್ದಿಲ್ಲ.

ಬೊನಾರಿಯಾ ಬೋಗುಣಿಗೆ ಉಗುರುಬೆಚ್ಚಗಿನ ನೀರು ಸುರಿದಳು. ಮನೆಯ ರೂಢಿಯಂತೆ ಹಿರಿಯಳು ಮೊದಲು. ತುನಿಸೀನಾ ಕುಡಿದು ಮಿಂದ ಮೇಲೆ ಅದೇ ನೀರಿಗೆ ರೋಸೀನಾ. ಗಟ್ಟಿ ಜೀವ ಮಿಂದ ನೀರಿನಲ್ಲಿ ಕಸುವಿರುತ್ತದೆ ಎಂದು ಅಜ್ಜಿಯರು ಹೇಳುತ್ತಿದ್ದರು. ಮಾರ್ಚಿನಿಂದ ಬೊನಾರಿಯಾ ಒಂದು ದಿನವೂ ತಪ್ಪಿಸಿರಲಿಲ್ಲ.

ತುನಿಸೀನಾ ಮಿಂದದ್ದಾಗಿತ್ತು. ರೋಸೀನಾಳನ್ನು ನೀರಿಗೆ ಇಳಿಸುವಷ್ಟರಲ್ಲಿ ಫೋನ್ ಬಂತು. ಮುರ್ರು. ಎಲ್ಲ ಆಮೆಗಳ ಬಾಯಿಯ ದ್ರವ ಹತ್ತಿಯಲ್ಲಿ ಒರೆಸಿ ಕಳಿಸಿದ್ದ ಪರೀಕ್ಷೆಯ ಫಲಿತಾಂಶ. ಅವಳು ಬಹಳ ಹೊತ್ತು ಕೇಳಿದಳು. ಕೊನೆಗೆ "ಸರಿ" ಎಂದಳು.

"ಏನಂತೆ?"

"ಕುಂಟಿಗೆ ರೋಗ ಇಲ್ವಂತೆ."

"ನಾ ಬಡ್ಕೊಳ್ಳಲಿಲ್ವಾ? ಪಾಪದ್ದು, ಸುಮ್ಸುಮ್ನೆ ಓಡಿಸಿದೆ! ಮತ್ತೆ ಎಲ್ಲಿಂದ ಬಂತಂತೆ?"

"ಅದು ಹೇಳಕ್ಕಾಗಲ್ವಂತೆ, ಅತ್ತೆ."

ಬೋಗುಣಿಯ ನೀರನ್ನು ಅವಳು ಬಚ್ಚಲಿಗೆ ಚೆಲ್ಲಿದಳು. ಕುದಿನೀರು ಹಾಕಿ ಎರಡು ಸಲ ತಿಕ್ಕಿದಳು. ಹೊಸ ನೀರು ಹದ ಮಾಡಿ ರೋಸೀನಾಳನ್ನು ಇಳಿಸಿದಳು.

"ಇವತ್ತೇನು ಹೊಸ ನೀರು?" ಎಂದರು ಅತ್ತೆ.

"ತಣ್ಣಗಾಗಿತ್ತು."

ತಾವು ಕಾಯಿಲೆ ಬೀಳದೆ ರೋಗ ಹೊತ್ತು ತಿರುಗುವ ಆಮೆಗಳಿರುತ್ತವೆ ಎಂದಿದ್ದರು ಮುರ್ರು. ಭಾನುವಾರ ಅತ್ತೆ ಚರ್ಚಿಗೆ ಹೋದ ಹೊತ್ತಿನಲ್ಲಿ, ಮರದಡಿ ಹಸಿದವಳಂತೆ ಸೊಪ್ಪು ಮೇಯುತ್ತಿರುವ ತುನಿಸೀನಾಳನ್ನು ಅಪ್ಪನ ಖಾಲಿ ಅಂಗಳಕ್ಕೆ ಬಿಟ್ಟುಬರಬೇಕು.