ಕೋಟು ತೊಟ್ಟ ನಿಂಬೆಗಿಡ

ಬೆಳಗಿನ ಏಳು ಗಂಟೆಗೆ ಪಕ್ಕದ ಮನೆಯ ಮೇಷ್ಟ್ರು ಬೇಲಿಯಾಚೆ ನಿಂತು ನಿಂಬೆಗಿಡದ ಹತ್ತಿರ ಕ್ಷಮೆ ಕೇಳತೊಡಗಿದಾಗ, ಕಂಡಕ್ಟರು ಅಡುಗೆಮನೆ ಕಿಟಕಿಯ ಹಿಂದೆ ಕೈತುಂಬ ಮೈದಾ ಅಂಟು ಮೆತ್ತಿಕೊಂಡು ನಿಂತಲ್ಲೇ ನಿಂತುಬಿಟ್ಟರು.

ತಪ್ಪು ಕೋಟಿನದು. ಹಿಂದಿನ ದಿನ ಚಳಿ ವಿಪರೀತ ಏರಿತ್ತೆಂದು ಕಂಡಕ್ಟರು ತಮ್ಮ ಹಳೆಯ ಖಾಕಿ ಕೋಟನ್ನೂ ಉಣ್ಣೆ ಟೋಪಿಯನ್ನೂ ನಿಂಬೆಗಿಡಕ್ಕೆ ಹಾಕಿದ್ದರು. ಗಿಡ ಅವರಷ್ಟೇ ಎತ್ತರ, ಅವರ ಹಾಗೇ ಸ್ವಲ್ಪ ಎಡಕ್ಕೆ ವಾಲು. ಇನ್ನು ಮನೆಯೋ, ಅಜ್ಜನ ಕಾಲದ್ದು. ಬಾಗಿಲು ಹಾಕಿದರೂ ಗಾಳಿಗೆ ಬರಲು ನೂರು ದಾರಿ. ಗಂಡ ಹೆಂಡತಿ ಬೆಳಕು ಹರಿಯುವ ಮುಂಚೆಯೇ ಎದ್ದು ಹಳೆಯ ಪೇಪರಿನ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಕಿಟಕಿ ಸಂದಿಗಳನ್ನೆಲ್ಲ ಮುಚ್ಚುತ್ತಾ ಬಂದಿದ್ದರು. ಉಳಿದದ್ದು ಈ ಒಂದೇ ಕಿಟಕಿ. ಅದರ ಸಂದಿಯಲ್ಲಿ ಹೆಬ್ಬೆರಳು ತೂರುತ್ತಿತ್ತು. ಗಾಳಿಯ ಜೊತೆ ಮೇಷ್ಟ್ರ ಮಾತೂ ಸಲೀಸಾಗಿ ಒಳಗೆ ಬರುತ್ತಿತ್ತು.

"ನೋಡಯ್ಯಾ, ನಾವು ಮಾತು ಬಿಟ್ಟು ಮೂರು ತಿಂಗಳಾಯ್ತು. ನನಗಂತೂ ಸಾಕಾಗಿಹೋಗಿದೆ. ನಿನ್ನನ್ನ ಕೇಳದೆ ಆ ಕೊಂಬೆ ಕಡಿದದ್ದು ನನ್ನದೇ ತಪ್ಪು. ಒಪ್ಪಿಕೊಂಡೆ, ಆಯ್ತಾ?"

ಕೊಂಬೆ ಮೇಷ್ಟ್ರ ಅಂಗಳದ ಕಡೆಗೆ ಬಾಗಿತ್ತು, ತುಂಬ ಕಾಯಿ ಬಿಟ್ಟಿತ್ತು. ಅದು ನೆಲಕ್ಕೆ ಬಿದ್ದ ದಿನ ಕಂಡಕ್ಟರು, ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲಲ್ಲಿ, ಬೀದಿಗೆಲ್ಲ ಕೇಳುವಂತೆ "ನಿನಗೆ ಬೆತ್ತ ಹಿಡಿಯೋದು ಗೊತ್ತೇ ಹೊರತು ಗಿಡ ಮುಟ್ಟೋದು ಗೊತ್ತಿಲ್ಲ!" ಎಂದುಬಿಟ್ಟಿದ್ದರು. ಮೇಷ್ಟ್ರು ನಾಲ್ಕು ಸಲ ಬಾಯಿ ತೆರೆದರು. ನಾಲ್ಕು ಸಲವೂ ಕಂಡಕ್ಟರು ಅಡ್ಡಬಾಯಿ ಹಾಕಿದರು. ಅಂದಿಗೆ ಇಬ್ಬರ ಸಂಜೆಯ ಟೀ ನಿಂತಿತು. ಆಮೇಲೆ ಕಂಡಕ್ಟರಿಗೆ ಟೀಯೂ ರುಚಿಸಲಿಲ್ಲ, ಸಂಜೆಯೂ ಕಳೆಯಲಿಲ್ಲ. ಆದರೆ ತಾವಾಗಿ ಹೋಗಿ ಮಾತಾಡಿಸಲು ಬಿಗುಮಾನ.

"ಆ ಕೊಂಬೆ ಒಳಗೆ ಹುಳ ಇತ್ತು ಕಣಯ್ಯಾ," ಹೊರಗಿನ ದನಿ ಮುಂದುವರಿಯಿತು. "ಕೊರೀತಾ ಕೊರೀತಾ ಬುಡದ ಕಡೆಗೇ ಹೋಗ್ತಿತ್ತು. ಬಿಟ್ಟಿದ್ರೆ ಇಡೀ ಗಿಡಾನೇ ಹೋಗ್ತಿತ್ತು. ಹೇಳೋಣ ಅಂದ್ರೆ ನೀನು ಎಲ್ಲಿ ಬಿಟ್ಟೆ?"

"ಹುಳಾನಾ? ಮತ್ತೆ ಅವತ್ತೇ ಯಾಕೆ—" ಕಂಡಕ್ಟರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯ ಅಂಟಿನ ಕೈ ಅವರ ಬಾಯಿ ಮುಚ್ಚಿತು.

"ಸುಮ್ನಿರ್ರೀ! ಒಂದು ಸಲನಾದ್ರೂ ಅವರ ಮಾತು ಮುಗೀಲಿ."

"ಅವನು ಗಿಡದ ಜೊತೆ ಮಾತಾಡ್ತಿದ್ದಾನೆ ಕಣೇ!"

"ಕನ್ನಡಕದ ಮೇಲೆ ಅಷ್ಟು ಮಂಜು ಕೂತಿದ್ರೆ ಪಾಪ, ಅವರಿಗೇನು ಕಾಣುತ್ತೆ? ನೀವು ಈಗ ಹೊರಗೆ ಹೋದ್ರೆ ಅವರ ಮಾನ ಏನಾಗ್ಬೇಕು? ಮತ್ತೆ ಈ ಕಡೆ ತಲೆ ಹಾಕ್ತಾರಾ?"

ಅದೂ ನಿಜವೇ. ಕಂಡಕ್ಟರು ಮೀಸೆಗೆ ಮೆತ್ತಿದ ಅಂಟನ್ನೂ ಒರೆಸಿಕೊಳ್ಳದೆ ಉಸಿರು ಬಿಗಿಹಿಡಿದರು. ಹೊರಗೆ ಕೋಟಿನ ತೋಳು ಗಾಳಿಗೆ ಒಂದಿಷ್ಟು ಅಲ್ಲಾಡಿತು. ಮೇಷ್ಟ್ರು ಅದನ್ನು ನೋಡಿ ತಲೆಯಾಡಿಸಿದರು.

"ಜೀವಮಾನದಲ್ಲಿ ಮೊದಲ ಸಲ ನನ್ನ ಮಾತು ಪೂರ್ತಿ ಕೇಳಿದೆಯಪ್ಪಾ! ಸಂಜೆ ಟೀಗೆ ಬಾ. ಬಂದ್ರೆ ನೀನು ಎಲ್ಲಾ ಮರೆತೆ ಅಂದ್ಕೋತೀನಿ."

ಮೇಷ್ಟ್ರು ಮನೆ ಸೇರಿದ ಮೇಲೆ ಕಂಡಕ್ಟರು ಮೆಲ್ಲನೆ ಗಿಡದ ಹತ್ತಿರ ಹೋಗಿ ಕೋಟಿನ ಗುಂಡಿ ಬಿಚ್ಚಿ ಇಣುಕಿದರು. ಸಿಟ್ಟಿನಲ್ಲಿ ಮೂರು ತಿಂಗಳಿಂದ, ಕೋಟು ತೊಡಿಸುವಾಗಲೂ, ಆ ಗಾಯದ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಕೊಂಬೆ ಕಡಿದ ಜಾಗಕ್ಕೆ ನೀರು ಇಳಿಯದ ಹಾಗೆ ಮೇಣ ಸವರಿತ್ತು. ಅದರ ಕೆಳಗೆ ಎರಡು ಹೊಸ ಚಿಗುರು. ಅವರಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಸಂಜೆ ಕೋಟು, ಟೋಪಿ ಗಿಡದಿಂದ ಇಳಿದು ಕಂಡಕ್ಟರ ಮೈ ಏರಿದವು. ಅವರ ಕಂಬಳಿ ಗಿಡಕ್ಕೆ ಹೋಯಿತು. ಹೆಂಡತಿ ಉಳಿದ ಅಂಟಿನ ಬೋಗುಣಿಯನ್ನೂ ಪೇಪರಿನ ಕಟ್ಟನ್ನೂ ಅವರ ಕೈಗಿತ್ತು, "ಮೇಷ್ಟ್ರ ಮನೆ ಕಿಟಕಿಗಳೂ ನಮ್ಮವಕ್ಕಿಂತ ಏನೂ ಕಮ್ಮಿ ಇಲ್ಲ. ಕೈಗೆ ಕೆಲಸ ಇರ್ಲಿ, ಬಾಯಿಗೆ ಬೀಗ ಇರ್ಲಿ," ಎಂದು ಕಳಿಸಿದಳು.

ಕಂಡಕ್ಟರು ಮೇಷ್ಟ್ರ ಕಿಟಕಿಗಳಿಗೆ ಒಂದೊಂದಾಗಿ ಪಟ್ಟಿ ಅಂಟಿಸುತ್ತಾ ಹೋದರು. ಮೇಷ್ಟ್ರು ಹಿಂದೆಯೇ ಸುತ್ತುತ್ತಾ, ಟೊಮೇಟೊ ಸಸಿಗೆ ಎಷ್ಟು ಬಿಸಿಲು ಬೇಕು, ಮೆಂತ್ಯ ಏಕೆ ಹಳದಿಯಾಯಿತು ಎಂದು ಮೂರು ತಿಂಗಳ ಬಾಕಿ ಮಾತನ್ನೆಲ್ಲ ಆಡಿದರು. ಮೆಂತ್ಯದ ವಿಚಾರ ಪೂರಾ ತಪ್ಪು. ಮಾತು ಎರಡು ಸಲ ಕಂಡಕ್ಟರ ನಾಲಿಗೆಯ ತುದಿಯವರೆಗೆ ಬಂದಿತು. ಎರಡು ಸಲವೂ ಇನ್ನೊಂದು ಪಟ್ಟಿ ಅಂಟಿಗೆ ಅದ್ದಿದರು.

ಕೊನೆಯ ಸಂದಿ ಮುಚ್ಚಿದ್ದೇ ಕೋಣೆ ಬೆಚ್ಚಗಾಯಿತು. ಇಬ್ಬರೂ ಕೂತರು. ಮೇಷ್ಟ್ರು ಟೀ ಲೋಟ ಮುಂದಿಟ್ಟರು. ಕಂಡಕ್ಟರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಮೇಷ್ಟ್ರು ಅದರ ಮೇಲಿದ್ದ ಬಿಳಿ ಕಲೆಯನ್ನೇ ನೋಡುತ್ತಾ ಕನ್ನಡಕ ತೆಗೆದು ಸಾವಕಾಶವಾಗಿ ಒರೆಸಿದರು.

"ಆದ್ರೂ ನಿನ್ನ ತಾಳ್ಮೆ ಮೆಚ್ಚಬೇಕು ಕಣಯ್ಯಾ," ಎಂದರು. "ಬೆಳಿಗ್ಗೆ ಗುಬ್ಬಚ್ಚಿ ಬಂದು ತಲೆ ಮೇಲೆ ಕೂತು ಗಲೀಜು ಮಾಡಿ ಹೋದ್ರೂ ನೀನು ಕಮಕ್ ಕಿಮಕ್ ಅನ್ನಲಿಲ್ಲ!"